ಕರಡು ಮಹಾಯೋಜನೆಯಲ್ಲಿ ನಮ್ಮ ಜಾಗದ ಬಣ್ಣ ಬದಲಾಗಿದೆ: ಈಗೇನು ಮಾಡಬೇಕು?

ಪ್ರಶ್ನೆ: ನಮ್ಮ ಊರು ಜಿಲ್ಲಾ ಕೇಂದ್ರ. ಹೊಸ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾಗಿದೆ. ಊರೊಳಗೆ 40x60 ನಿವೇಶನದಲ್ಲಿ ನಮ್ಮ ಮನೆಯಿದೆ. ಮುಂಭಾಗದ ಎರಡು ಅಂಗಡಿಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಎದುರಿನ 9 ಮೀಟರ್ ರಸ್ತೆಯನ್ನು ಕರಡಿನಲ್ಲಿ 15 ಮೀಟರ್ ಮಾಡಿ ತೋರಿಸಿದ್ದಾರೆ. ಊರಾಚೆ 1 ಎಕರೆ 10 ಗುಂಟೆ ಜಮೀನಿದೆ, ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಅದರ ಒಂದು ಮೂಲೆಯಲ್ಲಿ 24 ಮೀಟರ್ ರಸ್ತೆ, ಪಕ್ಕದಲ್ಲಿ ಉದ್ಯಾನ, ಉಳಿದದ್ದು ಹಳದಿ ಎಂದು ಬಂದಿದೆ. ‘ಹಳದಿ ಆಯ್ತಲ್ಲ, ಈಗಲೇ ಕೊಟ್ಟುಬಿಡಿ’ ಎಂದು ದಲ್ಲಾಳಿಗಳು ಬೆನ್ನು ಬಿದ್ದಿದ್ದಾರೆ. ಅಂಗಡಿ ಮುಚ್ಚಬೇಕಾಗುತ್ತದೆಯೇ? ಜಮೀನು ಹೋಗುತ್ತದೆಯೇ? ಯಾರಿಗೆ, ಏನೆಂದು ಬರೆಯಬೇಕು?

ಉತ್ತರ: ಮೊದಲು ದಲ್ಲಾಳಿಯ ಮಾತು. ಕರಡಿನಲ್ಲಿ ಹಳದಿ ಬಂದ ಮಾತ್ರಕ್ಕೆ ನಿಮ್ಮ ಜಮೀನು ವಸತಿ ವಲಯವಾಗಿಲ್ಲ. ಸರ್ಕಾರ ಅಂತಿಮ ಅನುಮೋದನೆ ಕೊಡುವವರೆಗೂ ಹಳೆಯ ಮಹಾಯೋಜನೆಯೇ ಜಾರಿಯಲ್ಲಿರುತ್ತದೆ. ಬೆಂಗಳೂರಿನ ಉದಾಹರಣೆಯೇ ಸಾಕು. 2007ರ ಜೂನ್‌ನಲ್ಲಿ ಅಂತಿಮವಾದದ್ದು 2015ಕ್ಕೆಂದು ಮಾಡಿದ ಪರಿಷ್ಕೃತ ಮಹಾಯೋಜನೆ. 2031ಕ್ಕೆಂದು ತಯಾರಾದ ಕರಡು 2017ರ ನವೆಂಬರ್‌ನಲ್ಲಿ ಪ್ರಕಟವಾಯಿತು, 2020ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ಕರಡಿನ ಬಣ್ಣ ನಂಬಿ ಮುಂಗಡ ಕೊಟ್ಟವರ ಕೈಯಲ್ಲಿ ಉಳಿದದ್ದು ಹಳೆಯ ವಲಯದ ಜಮೀನೇ. ಹೆಸರಿನಲ್ಲಿ 2015 ಎಂದಿದ್ದ ಯೋಜನೆ ಆ ವರ್ಷ ಕಳೆದು ಎಷ್ಟೋ ಕಾಲ ಜಾರಿಯಲ್ಲೇ ಮುಂದುವರಿಯಿತು. ಯೋಜನೆಯ ಮೇಲಿನ ಇಸವಿ ಅದು ತೀರಿಹೋಗುವ ದಿನಾಂಕವಲ್ಲ.

ಇದೇ ಮಾತು ನಿಮಗೆ ಅನುಕೂಲವೂ ಹೌದು. ಕರಡಿನಲ್ಲಿ ಬಂದ ಉದ್ಯಾನ, ರಸ್ತೆ ಎರಡೂ ಇನ್ನೂ ಪ್ರಸ್ತಾವ ಮಾತ್ರ. ಅದನ್ನು ಅಲುಗಿಸಲು ಅತಿ ಕಡಿಮೆ ಖರ್ಚಿನ, ಅತಿ ಗಟ್ಟಿಯಾದ ಅವಕಾಶ ಸಿಗುವುದು ಈ ಹಂತದಲ್ಲೇ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13ನೇ ಕಲಂ ಪ್ರಕಾರ ಕರಡು ಪ್ರಕಟವಾದ 60 ದಿನಗಳೊಳಗೆ ಸಾರ್ವಜನಿಕರು ಲಿಖಿತ ಆಕ್ಷೇಪಣೆ, ಸಲಹೆ ಕೊಡಬಹುದು. ದಿನ ಎಣಿಸಬೇಕಾದದ್ದು ಪ್ರಕಟಣೆಯ ದಿನಾಂಕದಿಂದ, ಪಕ್ಕದ ಮನೆಯವರು ನಿಮಗೆ ಹೇಳಿದ ದಿನದಿಂದಲ್ಲ. ಆಮೇಲೆ ಕರಡು ತಯಾರಿಸಿದ ನಿಮ್ಮ ಊರಿನ ಯೋಜನಾ ಪ್ರಾಧಿಕಾರ ಅವನ್ನು ಪರಿಶೀಲಿಸಿ ಯೋಜನೆಯನ್ನು ಮತ್ತೆ ಸರ್ಕಾರಕ್ಕೆ ಕಳಿಸುತ್ತದೆ. ಅಂತಿಮವಾದ ಮೇಲೆ ಒಂದೇ ಒಂದು ಸರ್ವೆ ನಂಬರಿನ ಬಣ್ಣ ಬದಲಾಯಿಸಬೇಕೆಂದರೂ ಪತ್ರಿಕಾ ಪ್ರಕಟಣೆ, ಪ್ರಾಧಿಕಾರದ ನಿರ್ಣಯ, ಸರ್ಕಾರದ ಪೂರ್ವಾನುಮೋದನೆ, ಶುಲ್ಕ ಎಂದು ದೊಡ್ಡ ಸುತ್ತು ಹಾಕಬೇಕು.

ಪಹಣಿ ಅಜ್ಜನ ಹೆಸರಿನಲ್ಲಿದೆಯೆಂದು ಕೈಕಟ್ಟಿ ಕೂರಬೇಡಿ. ಆಕ್ಷೇಪಣೆ ಕೊಡಲು ಖಾತೆದಾರರೇ ಆಗಿರಬೇಕೆಂದಿಲ್ಲ. ಕಾಯ್ದೆ ಹೇಳುವುದು ‘ಸಾರ್ವಜನಿಕರಲ್ಲಿ ಯಾರೇ ಆಗಲಿ’ ಎಂಬ ಅರ್ಥದಲ್ಲಿ. ವಂಶವೃಕ್ಷ, ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ವಾರಸುದಾರರೆಂದು ಬರೆದು ಈಗಲೇ ಕೊಡಿ. ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ) ಅರ್ಜಿಯನ್ನು ಅದರ ಜೊತೆಜೊತೆಗೇ ನಾಡಕಚೇರಿಯಲ್ಲಿ ಹಾಕಿ. ಮುಂದೆ ಪರಿಹಾರವೋ ಅಭಿವೃದ್ಧಿ ಹಕ್ಕೋ ಬರುವ ಹೊತ್ತಿಗೆ ಹೆಸರು ಸರಿಯಿಲ್ಲದಿದ್ದರೆ ಹಣ ಕಚೇರಿಯಲ್ಲೇ ಕೊಳೆಯುತ್ತದೆ.

ನಕ್ಷೆ ಓದುವುದು ಹೇಗೆ

ಕರಡಿನ ಜೊತೆ ಎರಡು ನಕ್ಷೆ ಇರುತ್ತವೆ: ಈಗಿರುವ ಭೂ ಉಪಯೋಗ ನಕ್ಷೆ ಮತ್ತು ಪ್ರಸ್ತಾವಿತ ಭೂ ಉಪಯೋಗ ನಕ್ಷೆ. ಜನ ಎರಡನೆಯದನ್ನಷ್ಟೇ ನೋಡುತ್ತಾರೆ. ತಪ್ಪು ಹುಟ್ಟುವುದು ಸಾಮಾನ್ಯವಾಗಿ ಮೊದಲನೆಯದರಲ್ಲಿ. ಉಪಗ್ರಹ ಚಿತ್ರದಲ್ಲಿ ಮಾವಿನ ತೋಪು ಹಸಿರಾಗಿ ಕಂಡರೆ ಅದನ್ನು ಬಯಲು ಜಾಗವೆಂದು ಗುರುತಿಸಿರುತ್ತಾರೆ, ಮುಂದಿನ ನಕ್ಷೆಯಲ್ಲಿ ಅದೇ ಉದ್ಯಾನವಾಗಿ ಕೂರುತ್ತದೆ. ನಿಮ್ಮ ಜಮೀನಿನ ಹಸಿರಿನ ಮೂಲ ಇದೇ ಆಗಿದ್ದರೆ ಆಕ್ಷೇಪಣೆಯ ಅರ್ಧ ಕೆಲಸ ಮುಗಿದಂತೆ.

ಸಾಮಾನ್ಯವಾಗಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ, ಹಸಿರು ಉದ್ಯಾನ ಹಾಗೂ ಬಯಲು. ಕೃಷಿಗೆ ಬೇರೆಯೇ ತಿಳಿ ಬಣ್ಣ. ನಿಮ್ಮ ಹಾಳೆಯ ಸೂಚಿಯಲ್ಲಿ ಏನಿದೆಯೋ ಅದೇ ಅಂತಿಮ. ಮೊಬೈಲಿನಲ್ಲಿ ಹರಿದಾಡುವ ಚಿತ್ರವನ್ನು ನಂಬಬೇಡಿ, ಎರಡು ಹಸಿರುಗಳ ನಡುವಿನ ವ್ಯತ್ಯಾಸವೇ ಅದರಲ್ಲಿ ಅಳಿಸಿಹೋಗಿರುತ್ತದೆ. ಪ್ರಾಧಿಕಾರದ ಕಚೇರಿಗೆ ಹೋಗಿ ದೊಡ್ಡ ಅಳತೆಯ ಹಾಳೆಯನ್ನೇ ನೋಡಿ, ಹಾಳೆ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಸರ್ವೆ ನಂಬರು ಹಾಕಿ ಭೂ ಉಪಯೋಗ ದೃಢೀಕರಣ ಪತ್ರಕ್ಕೆ ಅರ್ಜಿ ಕೊಡಿ. ಅದರಲ್ಲಿ ಈಗ ಜಾರಿಯಲ್ಲಿರುವ ಯೋಜನೆಯ ಪ್ರಕಾರದ ವಲಯ ಬರುತ್ತದೆ. ಬ್ಯಾಂಕು, ಕೊಳ್ಳುವವರ ವಕೀಲರು ಕೇಳುವುದೂ ಅದನ್ನೇ.

ಇನ್ನೊಂದು ಸಾಮಾನ್ಯ ದೋಷ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಆಗುವ ಪಲ್ಲಟ. ಹಾಳೆಯಲ್ಲಿ ಸರ್ವೆ ನಂಬರಿನ ಗೆರೆ ಹತ್ತಿಪ್ಪತ್ತು ಮೀಟರ್ ಸರಿದು ಕೂತರೆ ಪಕ್ಕದವರ ಜಮೀನಿನಲ್ಲಿ ಹೋಗಬೇಕಾದ ರಸ್ತೆ ನಿಮ್ಮದರಲ್ಲಿ ಹಾದಂತೆ ಕಾಣುತ್ತದೆ. ಹಿಸ್ಸಾ (ಪಾಲು) ಆಗಿ ಪೋಡಿ (ಪಾಲಿಗೊಂದು ಪ್ರತ್ಯೇಕ ನಕ್ಷೆ, ನಂಬರು) ಆಗದ ಜಮೀನಾದರೆ ಗೊಂದಲ ಇನ್ನೂ ಹೆಚ್ಚು. ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು) ಮಾಡಿಸಿ, ಭೂಮಾಪಕರ ಸ್ಕೆಚ್ಚಿನಲ್ಲಿ ಮೂಲೆಗಳ ಅಕ್ಷಾಂಶ ರೇಖಾಂಶ ಹಾಕಿಸಿ. ಆ ಒಂದು ಹಾಳೆ ಹತ್ತು ಪುಟದ ಮನವಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮನೆ ಮತ್ತು ಅಂಗಡಿ

ರಸ್ತೆ 9ರಿಂದ 15 ಮೀಟರ್ ಆಗಬೇಕೆಂದರೆ, ಅಳತೆ ಈಗಿನ ರಸ್ತೆಯ ನಡುಗೆರೆಯಿಂದಲೇ ಆದಲ್ಲಿ, ಎರಡೂ ಬದಿಗೆ 3 ಮೀಟರ್ ಹೋಗುತ್ತದೆ. 40 ಅಡಿಯ ಬದಿ ರಸ್ತೆಗಿದ್ದರೆ ಲೆಕ್ಕ ಹೀಗೆ: ನಿವೇಶನ 12.19 x 18.29 ಮೀ., ಅಂದರೆ ಸುಮಾರು 223 ಚ.ಮೀ. ಹೋಗುವುದು 36.6 ಚ.ಮೀ., ಉಳಿಯುವುದು 186.4. ಮನೆಯ ಮುಂದೆ 2 ಮೀಟರ್ ಜಾಗ ಬಿಟ್ಟಿದ್ದರೆ ಅಗಲೀಕರಣದ ಗೆರೆ ಕಟ್ಟಡದೊಳಗೆ 1 ಮೀಟರ್ ನುಗ್ಗುತ್ತದೆ. ಅಂಗಡಿಗಳು ಮುಂದಿರುವುದರಿಂದ ಪೆಟ್ಟು ಮೊದಲು ಅವಕ್ಕೇ.

ನಡುಗೆರೆಯಿಂದಲೇ ಅಳೆದಿದ್ದಾರೆಯೇ ಎಂಬುದನ್ನು ಖಚಿತ ಮಾಡಿಕೊಳ್ಳಿ. ಎದುರಿಗೆ ಗುಡಿ, ಶಾಲೆ, ಕೆರೆ ಏರಿ ಇದ್ದಲ್ಲಿ ಆ ಬದಿ ಮುಟ್ಟದೆ ಆರೂ ಮೀಟರನ್ನು ಒಂದೇ ಕಡೆಯಿಂದ ತೆಗೆಯುವುದೂ ಉಂಟು. ಹಾಗೆ ಮಾಡಿದ್ದರೆ ಎರಡೂ ಬದಿಗೆ ಸಮವಾಗಿ ಹಂಚಿ ಎಂದು ಕೇಳುವುದು ಸಕಾರಣವಾದ ಆಕ್ಷೇಪಣೆ. ‘ಅಗಲೀಕರಣವೇ ಬೇಡ’ ಎಂಬ ಒಂದು ಸಾಲಿನ ಅರ್ಜಿಗೆ ಅಷ್ಟು ತೂಕವಿಲ್ಲ.

‘ರಸ್ತೆ ಅಗಲವಾದರೆ ಮಹಡಿ ಹೆಚ್ಚು ಕಟ್ಟಬಹುದು, ಲಾಭವೇ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಲೆಕ್ಕ ಹಾಕದೆ ಒಪ್ಪಬೇಡಿ. ನಿಮ್ಮ ಊರಿನ ವಲಯ ನಿಯಮಾವಳಿಯಲ್ಲಿ ಅಂಕಿ ಬೇರೆ ಇರಬಹುದು, ಲೆಕ್ಕದ ರೀತಿ ಮಾತ್ರ ನೋಡಿ. 9 ಮೀಟರ್ ರಸ್ತೆಗೆ ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) 1.75 ಇದ್ದು, 15 ಮೀಟರಿಗೆ 2.25 ಆಗುತ್ತದೆಂದು ಇಟ್ಟುಕೊಳ್ಳಿ. ಹಿಂದೆ 223 x 1.75, ಅಂದರೆ 390 ಚ.ಮೀ. ಕಟ್ಟಬಹುದಿತ್ತು, ಈಗ 186.4 x 2.25, ಅಂದರೆ 419. ಕಾಗದದ ಮೇಲೆ 29 ಚ.ಮೀ. ಲಾಭ. ಆದರೆ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡುವ ಜಾಗ) ಹೊಸ ಗೆರೆಯಿಂದ ಮತ್ತೆ ಬಿಡಬೇಕು. ಮುಂದೆ 3, ಹಿಂದೆ 2, ಎರಡೂ ಪಕ್ಕ ಒಂದೂವರೆ ಮೀಟರ್ ಬಿಟ್ಟರೆ ತಳಪಾಯಕ್ಕೆ ಹಿಂದೆ 122 ಚ.ಮೀ. ಸಿಗುತ್ತಿತ್ತು, ಈಗ 95 ಮಾತ್ರ. 390 ಚ.ಮೀ. ಮೂರು ಚಿಲ್ಲರೆ ಅಂತಸ್ತಿನಲ್ಲಿ ಮುಗಿಯುತ್ತಿತ್ತು. 419 ಮುಗಿಸಲು ನಾಲ್ಕೂವರೆ ಬೇಕು. ಕೆಳಗೆ ವಾಹನ ನಿಲುಗಡೆ ಸೇರಿಸಿದರೆ ಇನ್ನೊಂದು. ಎತ್ತರ ನಿಯಮಾವಳಿಯ ಮಿತಿ ದಾಟಿದರೆ ಸುತ್ತ ಬಿಡುವ ಜಾಗ ಮತ್ತೆ ಹೆಚ್ಚುತ್ತದೆ, ತಳಪಾಯ ಮತ್ತೆ ಕುಗ್ಗುತ್ತದೆ. ಸಣ್ಣ ನಿವೇಶನಗಳಲ್ಲಿ ಹೆಚ್ಚುವರಿ ಎಫ್‌ಎಆರ್ ಹೆಚ್ಚಿನ ಸಲ ಬಳಸಲಾಗದೆ ಉಳಿಯುವುದು ಇದಕ್ಕೇ. ಪಕ್ಕದ ನಿವೇಶನದವರೊಂದಿಗೆ ಸೇರಿಸಿ ಕಟ್ಟುವವರಿಗೆ ಮಾತ್ರ ಲಾಭ ನಿಜವಾಗುತ್ತದೆ. ಜೊತೆಗೆ, ಹೆಚ್ಚಿನ ಎಫ್‌ಎಆರ್‌ಗೆ ಲೆಕ್ಕ ಹಿಡಿಯುವುದು ಸ್ಥಳದಲ್ಲಿರುವ ರಸ್ತೆಯ ಅಗಲವನ್ನೋ ಪ್ರಸ್ತಾವಿತ ಅಗಲವನ್ನೋ ಎಂಬುದನ್ನು ನಿಯಮಾವಳಿಯಲ್ಲಿ ಓದಿಕೊಳ್ಳಿ.

ಹೋಗುವ ಜಾಗಕ್ಕೆ ಏನು ಸಿಗುತ್ತದೆ? ದಾರಿ ಎರಡು. ಒಂದು, ಭೂಸ್ವಾಧೀನ: 2013ರ ಕಾಯ್ದೆಯಡಿ ಮಾರುಕಟ್ಟೆ ಬೆಲೆ, ಅದರ ಮೇಲೆ ಶೇ 100ರಷ್ಟು ಸಾಂತ್ವನ ಧನ, ಕಟ್ಟಡಕ್ಕೆ ಬೇರೆ ಮೌಲ್ಯಮಾಪನ. ಇನ್ನೊಂದು, ಯೋಜನಾ ಕಾಯ್ದೆಯ 14-ಬಿ ಕಲಮಿನ ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು): ಜಾಗವನ್ನು ಬಿಟ್ಟುಕೊಟ್ಟರೆ ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ ಸಿಗುತ್ತದೆ, ಅದನ್ನು ಉಳಿದ ನಿವೇಶನದಲ್ಲೇ ಬಳಸಬಹುದು, ಇಲ್ಲವೇ ಮಾರಬಹುದು. ದೊಡ್ಡ ನಗರದಲ್ಲಿ ಟಿಡಿಆರ್‌ಗೆ ಕೊಳ್ಳುವವರಿರುತ್ತಾರೆ. ಸಣ್ಣ ಊರುಗಳಲ್ಲಿ ಎತ್ತರದ ಕಟ್ಟಡಗಳೇ ವಿರಳವಾದ್ದರಿಂದ ಪ್ರಮಾಣಪತ್ರ ಬೀರುವಿನಲ್ಲಿ ಉಳಿಯುವ ಸಂಭವವೇ ಹೆಚ್ಚು. ಜಿಲ್ಲಾ ಕೇಂದ್ರದಲ್ಲಿ ಇರುವವರಿಗೆ ನಗದು ಪರಿಹಾರವನ್ನೇ ಒತ್ತಿ ಕೇಳಿ ಎನ್ನುವುದು ನಮ್ಮ ಸಲಹೆ. ‘ಪ್ಲಾನ್ ಪಾಸಾಗಬೇಕಾದರೆ ಇದಕ್ಕೊಂದು ಸಹಿ ಹಾಕಿ’ ಎಂದು ಪರಿತ್ಯಾಜನ ಪತ್ರ (ಜಾಗ ಬಿಟ್ಟುಕೊಡುವ ಪತ್ರ) ಮುಂದಿಟ್ಟರೆ ಅದರಲ್ಲಿ ಪರಿಹಾರದ ಅಥವಾ ಟಿಡಿಆರ್‌ನ ಉಲ್ಲೇಖವಿಲ್ಲದೆ ನೋಂದಣಿ ಮಾಡಿಸಬೇಡಿ. ಸಂವಿಧಾನದ 300-ಎ ವಿಧಿ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳಲು ಬಿಡುವುದಿಲ್ಲ.

ಅಂಗಡಿ ಮುಚ್ಚಬೇಕೇ ಎಂಬುದು ಅವು ಮೊದಲಿನಿಂದ ಸಕ್ರಮವಾಗಿದ್ದವೇ ಎಂಬುದರ ಮೇಲಿದೆ. ಮಂಜೂರಾದ ನಕ್ಷೆಯಲ್ಲೇ ಅಂಗಡಿ ಎಂದಿದ್ದರೆ ಯೋಜನೆ ಬದಲಾದ ಮಾತ್ರಕ್ಕೆ ನಾಳೆಯೇ ಬಾಗಿಲು ಹಾಕಬೇಕಿಲ್ಲ. ವಿಸ್ತರಿಸುವಾಗ, ಕೆಡವಿ ಕಟ್ಟುವಾಗ ಹೊಸ ನಿಯಮ ಅಂಟಿಕೊಳ್ಳುತ್ತದೆ. ನಕ್ಷೆಯಲ್ಲಿ ‘ವಾಸದ ಮನೆ’ ಎಂದಷ್ಟೇ ಇದ್ದು ಆಮೇಲೆ ಷಟರ್ ಹಾಕಿಸಿದ್ದರೆ ಪರಿಸ್ಥಿತಿ ಬೇರೆ. ವ್ಯಾಪಾರ ಪರವಾನಗಿ, ವಾಣಿಜ್ಯ ದರದ ವಿದ್ಯುತ್ ಬಿಲ್ಲು, ವಾಣಿಜ್ಯ ದರದಲ್ಲಿ ಕಟ್ಟಿದ ತೆರಿಗೆ ರಸೀದಿ ಎಲ್ಲವೂ ಅಂಗಡಿ ಎಂದಿನಿಂದ ಇದೆ ಎಂಬುದಕ್ಕೆ ಸಾಕ್ಷಿ, ಅಷ್ಟೇ. ಭೂ ಉಪಯೋಗವನ್ನು ಅವು ಸಕ್ರಮ ಮಾಡುವುದಿಲ್ಲ. ಅಕ್ರಮ-ಸಕ್ರಮ ಬರುತ್ತದೆಂದು ಕಾಯುವುದರಲ್ಲೂ ಅರ್ಥವಿಲ್ಲ, ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ವಸತಿ ವಲಯದಲ್ಲೂ ಮನೆಗೆ ಪೂರಕವಾಗಿ ಇಂತಿಷ್ಟು ಭಾಗದಲ್ಲಿ ಸಣ್ಣ ಅಂಗಡಿ, ಕ್ಲಿನಿಕ್ಕು, ಕಚೇರಿಗೆ ಅವಕಾಶವಿರುತ್ತದೆ. ಅದಕ್ಕೆ ರಸ್ತೆಯ ಕನಿಷ್ಠ ಅಗಲದ ಷರತ್ತು ಇರುತ್ತದೆ. 15 ಮೀಟರ್ ರಸ್ತೆ ನಿಮಗೆ ನೆರವಾಗುವ ಒಂದು ಜಾಗವೆಂದರೆ ಇದೇ. ಬಾಡಿಗೆ ಕರಾರು ನವೀಕರಿಸುವಾಗ ಅಗಲೀಕರಣವಾದರೆ ಮುಂಗಡ ವಾಪಸಾತಿ ಹೇಗೆ ಎಂಬ ಒಂದು ಕಲಂ ಸೇರಿಸಿ.

ಇನ್ನೊಂದು ತಪ್ಪು ಕಲ್ಪನೆ: ‘ಹೊಸ ಯೋಜನೆ ಬರುವ ಮುನ್ನ ಅರ್ಜಿ ಹಾಕಿಬಿಟ್ಟರೆ ಹಳೆಯ ನಿಯಮವೇ ಸಿಗುತ್ತದೆ.’ ಇಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಮಂಜೂರಾತಿ ಕೊಡುವ ದಿನ ಜಾರಿಯಲ್ಲಿರುವ ನಿಯಮವೇ ಅನ್ವಯ ಎಂದು ಸುಪ್ರೀಂ ಕೋರ್ಟ್ 1992ರಲ್ಲೂ 2004ರಲ್ಲೂ ಹೇಳಿದೆ. ನಿಯಮ ಎಷ್ಟು ಬೇಗ ತಿರುಗಬಹುದು ಎಂಬುದಕ್ಕೆ ಬೆಂಗಳೂರಿನ ಕೆರೆ ಮೀಸಲು ಪ್ರದೇಶ, ಅಂದರೆ ಕೆರೆಯಂಚಿನಿಂದ ಕಟ್ಟದೆ ಬಿಡಬೇಕಾದ ಜಾಗ ನೋಡಿ. ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್ ಇತ್ತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ತಳ್ಳಿಹಾಕಿತು. ನಡುವಿನ ಮೂರು ವರ್ಷ ಕೆರೆಯಂಚಿನ ಮಾಲೀಕರು ನಕ್ಷೆ ಮಂಜೂರಾಗದೆ ಕಾದರು. ಮನೆ ಕಟ್ಟುವ ಯೋಚನೆ ಗಟ್ಟಿಯಾಗಿದ್ದರೆ ಅರ್ಜಿಯಲ್ಲಿ ಒಂದು ದಾಖಲೆಯೂ ಕೊರತೆಯಾಗದಂತೆ ಕೊಟ್ಟು ಬೇಗ ಮಂಜೂರಾತಿ ಪಡೆಯಿರಿ, ಅವಧಿಯೊಳಗೆ ಕೆಲಸ ಆರಂಭಿಸಿ.

ಜಮೀನಿನ ವಿಚಾರ

ನಿಮ್ಮದು ಒಟ್ಟು 50 ಗುಂಟೆ. ಒಂದು ಗುಂಟೆಗೆ 101 ಚ.ಮೀ. ಚಿಲ್ಲರೆ. 24 ಮೀಟರ್ ರಸ್ತೆ ನಿಮ್ಮ ಜಮೀನಿನೊಳಗೆ 55 ಮೀಟರ್ ಉದ್ದ ಹಾದರೆ 1,320 ಚ.ಮೀ., ಅಂದರೆ 13 ಗುಂಟೆ ಹೋಯಿತು. ಉದ್ಯಾನದ ಭಾಗವನ್ನೂ ಹೀಗೇ ಸ್ಕೆಚ್ಚಿನ ಮೇಲೆ ಅಳೆಸಿ. ಅದು 18 ಗುಂಟೆ ಎಂದಾದರೆ ಹಳದಿಯಲ್ಲಿ ಉಳಿಯುವುದು 19. ಆ 19 ಗುಂಟೆಗೂ ಬಡಾವಣೆ ಮಾಡಿಸಿದರೆ ಒಳರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಮತ್ತೆ ಬಿಡಬೇಕು. ದಲ್ಲಾಳಿ ‘ಹಳದಿ’ ಎಂದು ಎಕರೆಗಟ್ಟಲೆ ದರ ಹೇಳುವಾಗ ಈ ಕಳೆಯುವ ಲೆಕ್ಕ ಬಾಯಿಬಿಡುವುದಿಲ್ಲ. ನೋಂದಣಿಯ ಹಿಂದಿನ ದಿನ ಕೊಳ್ಳುವವರ ಕಡೆಯಿಂದ ಅದು ಹೊರಬರುತ್ತದೆ.

ಮೊದಲು ಪತ್ತೆ ಮಾಡಬೇಕಾದದ್ದು: ಹಳೆಯ ಯೋಜನೆಯಲ್ಲೂ ಇದೇ ಜಾಗ ಉದ್ಯಾನವಾಗಿತ್ತೇ? ಆಗಿದ್ದರೆ ಯೋಜನಾ ಕಾಯ್ದೆಯ 69(2)ನೇ ಕಲಂ ನಿಮ್ಮ ಮುಖ್ಯ ಆಧಾರ. ಅಂತಿಮ ಯೋಜನೆ ಪ್ರಕಟವಾಗಿ 5 ವರ್ಷದೊಳಗೆ ಜಾಗವನ್ನು ಒಪ್ಪಂದದ ಮೂಲಕ ಕೊಳ್ಳದಿದ್ದರೆ, ಭೂಸ್ವಾಧೀನವನ್ನೂ ಆರಂಭಿಸದಿದ್ದರೆ ಆ ಮೀಸಲಾತಿ ರದ್ದಾದಂತೆ. ಆದರೆ ಅದು ತಾನಾಗಿ ಹಳದಿಯಾಗುವುದಿಲ್ಲ, ಹಾಳೆಯಲ್ಲಿ ಹಸಿರು ಹಾಗೇ ಉಳಿದಿರುತ್ತದೆ. ಅರ್ಜಿ ಹಾಕಿ ಆದೇಶ ಪಡೆಯಬೇಕು, ಅನೇಕರು ಹೈಕೋರ್ಟಿಗೆ ಹೋಗಿಯೇ ಪಡೆದಿದ್ದಾರೆ. ಅದೇ ಜಾಗವನ್ನು ಹೊಸ ಯೋಜನೆಯಲ್ಲಿ ಮತ್ತೆ ಉದ್ಯಾನ ಎಂದು ಅಂತಿಮಗೊಳಿಸಿದರೆ ಐದು ವರ್ಷದ ಎಣಿಕೆ ಹೊಸದಾಗಿ ಶುರು ಎಂದು ವಾದಿಸಲು ಪ್ರಾಧಿಕಾರಕ್ಕೆ ಅವಕಾಶವಾಗುತ್ತದೆ. ಅಷ್ಟರೊಳಗೆ, ಕರಡಿನ ಹಂತದಲ್ಲೇ ಈ ಅಂಶವನ್ನು ದಾಖಲೆಗೆ ತನ್ನಿ.

ಮೊದಲ ಸಲ ಬಂದ ಉದ್ಯಾನವಾದರೆ ವಾದ ಬೇರೆ. ಪಕ್ಕದಲ್ಲಿ ಸರ್ಕಾರಿ ಗೋಮಾಳ, ಖರಾಬು ಇದ್ದೂ ಖಾಸಗಿ ಜಮೀನನ್ನೇ ಆರಿಸಿದ್ದಾರೆಯೇ, ಒಂದೇ ಕುಟುಂಬದ ಹಿಡುವಳಿಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಹೋಗುತ್ತಿದೆಯೇ ಎಂಬುದನ್ನು ಅಳತೆ ಸಮೇತ ತೋರಿಸಿ. ಉಚಿತವಾಗಿ ಸಿಗುವ ಪರ್ಯಾಯ ತೋರಿಸಿದ ಆಕ್ಷೇಪಣೆಯನ್ನು ಪಕ್ಕಕ್ಕಿಡುವುದು ಯೋಜಕರಿಗೂ ಕಷ್ಟ. ವಲಯ ಬದಲಾಗಿ ಬೆಲೆ ಇಳಿಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ಕೊಡುವ ಪದ್ಧತಿ ಇಲ್ಲ. ಜಾಗ ಸಾರ್ವಜನಿಕ ಉದ್ದೇಶಕ್ಕೆ ಹೋದಾಗ ಮಾತ್ರ.

ಅಲಿನೇಷನ್ ಮತ್ತು ಭೂ ಉಪಯೋಗ ಬದಲಾವಣೆ ಎರಡೂ ಒಂದೇ ಎಂದು ತಿಳಿದು ಕೈಸುಟ್ಟುಕೊಳ್ಳುವವರು ಬಹಳ. ಮೊದಲನೆಯದು ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನ ಕೆಳಗೆ ಜಿಲ್ಲಾಧಿಕಾರಿ ಕೊಡುವುದು: ಕೃಷಿ ಜಮೀನನ್ನು ಕೃಷಿಯೇತರಕ್ಕೆ ಬಳಸುವ ಅನುಮತಿ. ಎರಡನೆಯದು ಯೋಜನೆಯಲ್ಲಿನ ವಲಯವನ್ನೇ ಬದಲಿಸುವುದು, ಯೋಜನಾ ಪ್ರಾಧಿಕಾರದ ಕೆಲಸ. ಹೊಸ ಯೋಜನೆ ಅಂತಿಮವಾಗಿ 19 ಗುಂಟೆ ಹಳದಿಯಾದರೆ ವಸತಿ ಉದ್ದೇಶಕ್ಕೆ ಅಲಿನೇಷನ್ ಸಲೀಸು, ವಲಯ ಬದಲಾವಣೆ ಬೇಕಿಲ್ಲ. ಹಸಿರು ಭಾಗಕ್ಕೆ ಮೊದಲು ವಲಯ ಬದಲಾಗಬೇಕು.

ಆ ಬದಲಾವಣೆಯ ದಾರಿ ಯೋಜನಾ ಕಾಯ್ದೆಯ 14-ಎ ಕಲಂ. ಪ್ರಾಧಿಕಾರಕ್ಕೆ ಅರ್ಜಿ, ಸ್ಥಳ ಪರಿಶೀಲನೆ, ಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಕಾಲಾವಕಾಶ, ಪ್ರಾಧಿಕಾರದ ಸಭೆಯ ನಿರ್ಣಯ, ಸರ್ಕಾರದ ಪೂರ್ವಾನುಮೋದನೆ, ಕೊನೆಗೆ ಶುಲ್ಕ. ಬದಲಾವಣೆ ಸಾರ್ವಜನಿಕ ಹಿತಕ್ಕಿರಬೇಕು ಎಂಬುದು ಕಾಯ್ದೆಯದೇ ಷರತ್ತು, ಬರೀ ಅಲಂಕಾರವಲ್ಲ. ಬೆಂಗಳೂರಿನ ಜಯನಗರದ ವಸತಿ ನಿವೇಶನವೊಂದನ್ನು ಹೋಟೆಲಿಗಾಗಿ ವಾಣಿಜ್ಯಕ್ಕೆ ಬದಲಿಸಿದ್ದನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಲಿಲ್ಲ. ಅದಕ್ಕೂ ಮೊದಲು, 1991ರಲ್ಲಿ, ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನೂ ರದ್ದುಮಾಡಿತ್ತು. ಆದ್ದರಿಂದ ‘ಮೇಲಿನವರು ಪರಿಚಯ, ಹಸಿರನ್ನು ಹಳದಿ ಮಾಡಿಸಿಕೊಡುತ್ತೇವೆ’ ಎನ್ನುವವರಿಗೆ ಕೊಟ್ಟ ಹಣ ಹೋದರೆ ಹೋಯಿತು. ಬದಲಾವಣೆ ಸಿಕ್ಕರೂ ಹತ್ತು ವರ್ಷದ ಮೇಲೆ ಬಿದ್ದುಹೋಗಬಹುದು. ಕೈಗಾರಿಕೆ ಅಥವಾ ವಾಣಿಜ್ಯದಿಂದ ವಸತಿಗೆ ಇಳಿಯುವವರಿಗೆ ಮಾತ್ರ ಕಾಯ್ದೆ ಉದಾರವಾಗಿದೆ: ಮೊದಲೇ ತಿಳಿಸಿ, ನಿಗದಿತ ಶುಲ್ಕ ಕಟ್ಟಿದರೆ ಅನುಮತಿ ಕೊಟ್ಟಂತೆಯೇ ಲೆಕ್ಕ.

ಮಾರುವುದೇ ಆದರೆ ಕ್ರಯದ ಕರಾರಿನಲ್ಲಿ ‘ಈಗ ಜಾರಿಯಲ್ಲಿರುವ ವಲಯ ಇಂಥದ್ದು, ಕರಡಿನಲ್ಲಿ ರಸ್ತೆ, ಉದ್ಯಾನ, ವಸತಿ ಎಂದು ತೋರಿಸಿರುವುದು ಕೊಳ್ಳುವವರಿಗೆ ತಿಳಿದಿದೆ’ ಎಂದು ಬರೆಸಿ. ಮುಚ್ಚಿಟ್ಟು ಮಾರಿದರೆ ಮುಂಗಡದ ವ್ಯಾಜ್ಯ ನಿಮ್ಮ ತಲೆಗೇ. ತುಂಡು ಮಾಡಿ ರೆವಿನ್ಯೂ ಸೈಟುಗಳಾಗಿ (ಬಡಾವಣೆ ಅನುಮೋದನೆಯಿಲ್ಲದ ನಿವೇಶನ) ಮಾರುವ ಸಲಹೆ ಬಂದರೆ ಒಪ್ಪಬೇಡಿ. ತೆರಿಗೆಯ ಒಂದು ಮಾತು: ಆದಾಯ ತೆರಿಗೆಯಲ್ಲಿ ಕೃಷಿ ಜಮೀನಿನ ವಿನಾಯಿತಿ ನಕ್ಷೆಯ ಬಣ್ಣಕ್ಕಿಂತ ಊರಿನ ಗಡಿಯಿಂದಿರುವ ದೂರವನ್ನು ನೋಡುತ್ತದೆ. ಜನಸಂಖ್ಯೆ 1ರಿಂದ 10 ಲಕ್ಷದ ನಗರವಾದರೆ ನೇರ ಅಳತೆಯಲ್ಲಿ 6 ಕಿ.ಮೀ., ಅದಕ್ಕೂ ದೊಡ್ಡದಾದರೆ 8 ಕಿ.ಮೀ. ಒಳಗಿದ್ದರೆ ವಿನಾಯಿತಿ ಇಲ್ಲ. ಅಲಿನೇಷನ್ ಮಾಡಿಸಿ ಮಾರುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ.

ಆಕ್ಷೇಪಣೆ ಬರೆಯುವ ಬಗೆ

ಮನೆಗೆ ಒಂದು, ಜಮೀನಿಗೆ ಒಂದು, ಬೇರೆ ಬೇರೆ ಕೊಡಿ. ಊರಿನವರೆಲ್ಲ ಸೇರಿ ಇನ್ನೂರು ಸಹಿಯ ಒಂದು ಮನವಿ ಕೊಡುವುದು ಸಭೆಗೆ ಒಳ್ಳೆಯದು. ಆದರೆ ಅದರಲ್ಲಿ ಸರ್ವೆ ನಂಬರು ಇರುವುದಿಲ್ಲ, ಪರಿಶೀಲನೆಯ ಪಟ್ಟಿಯಲ್ಲಿ ಒಂದೇ ಸಾಲಾಗಿ ಮುಗಿಯುತ್ತದೆ. ಒಕ್ಕಣೆ ಇಷ್ಟು ಸಾಕು:

‘ಇಂಥ ಗ್ರಾಮದ, ಇಂಥ ಸರ್ವೆ ನಂಬರಿನ 1 ಎಕರೆ 10 ಗುಂಟೆ ಜಮೀನಿನ ವಾರಸುದಾರರು ನಾವು. ಕರಡು ಮಹಾಯೋಜನೆಯ ಇಂಥ ಹಾಳೆಯಲ್ಲಿ ಇದರ ಪೂರ್ವ ಭಾಗದ ಸುಮಾರು 18 ಗುಂಟೆಯನ್ನು ಉದ್ಯಾನವೆಂದು ತೋರಿಸಲಾಗಿದೆ. ಸ್ಥಳದಲ್ಲಿ ಇರುವುದು ಮಾವಿನ ತೋಪು. ಪಹಣಿಯ ಬೆಳೆ ಕಾಲಂ ನೋಡಬಹುದು. 120 ಮೀಟರ್ ಉತ್ತರಕ್ಕೆ ಇಂಥ ಸರ್ವೆ ನಂಬರಿನ ಸರ್ಕಾರಿ ಜಮೀನು ಲಭ್ಯವಿದೆ. ಉದ್ಯಾನವನ್ನು ಅಲ್ಲಿಗೆ ವರ್ಗಾಯಿಸಿ, ನಮ್ಮ ಭಾಗವನ್ನು ವಸತಿ ಎಂದು ತಿದ್ದಬೇಕೆಂದು ಕೋರುತ್ತೇವೆ. ವೈಯಕ್ತಿಕ ವಿಚಾರಣೆಗೆ ಅವಕಾಶ ಕೊಡಬೇಕು.’

ಇದರ ಜೊತೆ ಪಹಣಿ, ವಂಶವೃಕ್ಷ, ಭೂಮಾಪಕರ ಸ್ಕೆಚ್ಚು, ಹಾಳೆಯ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಗುರುತಿಸಿದ ಜಾಗ, ದಿನಾಂಕ ಬರುವಂತೆ ತೆಗೆದ ನಾಲ್ಕೈದು ಫೋಟೊ ಇರಲಿ. ಪ್ರಾಧಿಕಾರದ ಆಯುಕ್ತರ ಅಥವಾ ಸದಸ್ಯ ಕಾರ್ಯದರ್ಶಿಯ ಹೆಸರಿಗೆ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ವಿಚಾರಣೆಗೆ ಕರೆದರೆ ಸ್ಕೆಚ್ಚು ಹಿಡಿದು ಒಬ್ಬರೇ ಹೋದರೂ ಸಾಕು, ಹಾಜರಿಗೆ ಸಹಿ ಮಾಡಿ ಬನ್ನಿ. ಎರಡು ತಿಂಗಳ ಮೇಲೆ ಮಾಹಿತಿ ಹಕ್ಕಿನಲ್ಲಿ ನಿಮ್ಮ ಆಕ್ಷೇಪಣೆಯ ಮೇಲಿನ ಕಡತದ ಟಿಪ್ಪಣಿ ಮತ್ತು ಪ್ರಾಧಿಕಾರದ ನಿರ್ಣಯದ ಪ್ರತಿ ಕೇಳಿ. ಕಾರಣವನ್ನೇ ಕೊಡದೆ ತಿರಸ್ಕರಿಸಿದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕಲು ಆ ಸ್ವೀಕೃತಿ ಮತ್ತು ಈ ಟಿಪ್ಪಣಿ ಎರಡೂ ಬೇಕಾಗುತ್ತವೆ; ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರುತ್ತದೋ ಅದರಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯಲ್ಲಿ.